ಮಾಸ್ಟ್ರ ಧ್ವನಿಯಲ್ಲಿ ನಾನು ಕೊಟ್ಟ ಮಾತು

ವೋಟು ಕೇಳಲು ಬಂದವರು ಮತದಾರನನ್ನೇ ಬೈದು ಹೋಗುವುದನ್ನು ನಾನು ಕಂಡದ್ದು ನಮ್ಮ ಮಾಸ್ಟ್ರಲ್ಲಿ ಮಾತ್ರ. ಎಪ್ಪತ್ತರ ದಶಕದ ಆರಂಭದಲ್ಲಿ ಅವರು ಮೊದಲ ಸಲ ಮುನ್ಸಿಪಾಲಿಟಿಗೆ ನಿಂತಾಗ ನಮ್ಮ ಬಿಜೈ ಬಡಾವಣೆಯ ಮನೆಮನೆಗೆ ನಾನೂ ಅವರ ಹಿಂದೆ ಹೋಗಿದ್ದೆ. ಗೇಟು ತೆರೆದವನು ಅವರ ಹಳೆಯ ವಿದ್ಯಾರ್ಥಿಯಾಗಿದ್ದರೆ ಚುನಾವಣೆಯ ಮಾತು ಬರುವ ಮೊದಲೇ ಪರೀಕ್ಷೆ ಶುರುವಾಗುತ್ತಿತ್ತು.

"ಕಿಟಕಿಯ ಹತ್ತಿರ ಕೂರುತ್ತಿದ್ದವನಲ್ಲವಾ ನೀನು? ಈಗ ಎಂತ ಮಾಡ್ತಿದ್ದಿ?"

"ಬ್ಯಾಂಕಿನಲ್ಲಿದ್ದೇನೆ ಮಾಸ್ಟ್ರೇ."

"ಭಾಗಾಕಾರ ಸರಿ ಬರ್ತದಾ? ಆಗ ಬರ್ತಿರಲಿಲ್ಲ ಅಂತ ಗಣಿತದವರು ಹೇಳ್ತಿದ್ದರು."

ಹೆಂಡತಿ ಮಕ್ಕಳ ಎದುರಿನಲ್ಲಿ ಬ್ಯಾಂಕಿನವನು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದ. ಮಾಸ್ಟ್ರು ಅವನ ಮಗನ ತಲೆ ಸವರಿ, ಅಂಗಳದ ತೆಂಗಿನಮರಕ್ಕೆ ಉಪ್ಪು ಹಾಕಲು ಹೇಳಿ ಹೊರಟುಬಿಡುತ್ತಿದ್ದರು. "ಮಾಸ್ಟ್ರೇ, ವೋಟು ಕೇಳಲೇ ಇಲ್ಲ" ಎಂದು ನಾನು ನೆನಪಿಸಿದರೆ, "ನನ್ನ ಮಕ್ಕಳಲ್ಲಿ ಕೇಳಲಿಕ್ಕೆ ಎಂತ ಉಂಟು?" ಎನ್ನುತ್ತಿದ್ದರು. ಆ ಸಲ ಅವರು ಸುಲಭವಾಗಿ ಗೆದ್ದರು.

ಅವರು ಹೈಸ್ಕೂಲಿನಲ್ಲಿ ನಮಗೆ ಸಮಾಜ ಪಾಠ ಮಾಡುತ್ತಿದ್ದವರು. ದೇವಸ್ಥಾನದ ಪೂಜೆಯ ಮನೆತನ; ಅಣ್ಣ ಪೂಜೆ ಹಿಡಿದರು, ಇವರು ಸೀಮೆಸುಣ್ಣ ಹಿಡಿದರು. ಮಾತು ಅಂದರೆ ಅವರದ್ದೇ ಮಾತು. ಶಾಲೆಯ ಎದುರಿನ ಚರಂಡಿ ಸರಿಮಾಡಿಸಲು ಮುನ್ಸಿಪಾಲಿಟಿಗೆ ಹೋಗಿ ಅಲ್ಲಿ ಆಡಿದ ಮಾತು ಊರಲ್ಲಿ ಹರಡಿ, ಜನರೇ ಅವರನ್ನು ಚುನಾವಣೆಗೆ ಎಳೆದದ್ದು. ಭಾಷಣ ಮಾಡುವಾಗಲೂ ಅವರು ಮಾಸ್ಟ್ರೇ. ಹಿಂದೆ ಯಾರಾದರೂ ಪಿಸುಗುಟ್ಟಿದರೆ ನಿಲ್ಲಿಸಿ, "ಎಂತ ಅದು, ನಮಗೂ ಹೇಳು" ಎನ್ನುತ್ತಿದ್ದರು. ಜನ ಸುಮ್ಮನಾಗುತ್ತಿದ್ದರು, ಆಮೇಲೆ ನಗುತ್ತಿದ್ದರು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಭಾವನ ಮೈಕ್ ಸೆಟ್ಟಿನ ಅಂಗಡಿಗೆ ಸೇರಿದೆ. ಮದುವೆ, ಯಕ್ಷಗಾನದ ಆಟ, ಸಭೆ, ಎಲ್ಲದಕ್ಕೂ ನಮ್ಮ ಮೈಕು. ಮಾಸ್ಟ್ರ ಚುನಾವಣೆ ಬಂದರೆ ಜೀಪಿನ ಮೇಲೆ ಹಾರ್ನ್ ಕಟ್ಟಿ, ಹಿಂದೆ ಕುಳಿತು ಪ್ರಚಾರ ಮಾಡುವುದು ನನ್ನ ಕೆಲಸ. ನನಗೆ ಇನ್ನೊಂದು ವಿದ್ಯೆ ಗೊತ್ತಿತ್ತು. ಶಾಲೆಯ ದಿನದಿಂದಲೇ ನಾನು ಮಾಸ್ಟ್ರ ಹಾಗೆ ಮಾತಾಡುತ್ತಿದ್ದೆ. ಸ್ವರ ಒಂದೇ ಅಲ್ಲ, ಮಾತಿನ ಮಧ್ಯೆ ಅವರು ಗಂಟಲು ಸರಿಮಾಡಿಕೊಳ್ಳುವುದು, ಮುಖ್ಯ ಮಾತಿಗೆ ಮೊದಲು ಸ್ವಲ್ಪ ನಿಲ್ಲುವುದು, ಎಲ್ಲ. ಇದು ಗೆಳೆಯರ ನಡುವಿನ ತಮಾಷೆ. ಮಾಸ್ಟ್ರಿಗೆ ಗೊತ್ತಿರಲಿಲ್ಲ.

ದಶಕದ ಕೊನೆಯ ಹೊತ್ತಿಗೆ ಅವರನ್ನು ಪಕ್ಷದವರು ವಿಧಾನಸಭೆಗೆ ನಿಲ್ಲಿಸಿದರು. ಇದು ಬಿಜೈಯ ಬೀದಿಯ ಲೆಕ್ಕವಲ್ಲ, ಇಡೀ ಪೇಟೆ ತಿರುಗಬೇಕು. ಶಾಲೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಪ್ರಚಾರದ ಕೊನೆಯ ವಾರ ಅವರಿಗೆ ಜ್ವರ ಬಂದು ಸ್ವರ ಅರ್ಧ ಕಟ್ಟಿತು. ಡಾಕ್ಟರು ಇಂಜೆಕ್ಷನ್ ಕೊಟ್ಟು ಮಲಗಲು ಹೇಳಿದರೂ ಕೇಳಲಿಲ್ಲ. "ಮುಖ ಆದರೂ ತೋರಿಸ್ತೇನೆ" ಎಂದು ಕುತ್ತಿಗೆಯಿಂದ ಬಾಯಿಯ ತನಕ ಮಫ್ಲರ್ ಸುತ್ತಿಕೊಂಡು ಜೀಪಿನ ಮುಂದಿನ ಸೀಟಿನಲ್ಲಿ ಕುಳಿತರು. ಬಂದರಿಗೆ ತಲುಪುವಷ್ಟರಲ್ಲಿ ಇಂಜೆಕ್ಷನ್ನಿನ ಅಮಲಿಗೆ ಕುಳಿತಲ್ಲೇ ನಿದ್ದೆ ಹೋಗಿದ್ದರು.

ಬಂದರಿನ ಒಂದು ಓಣಿಯಲ್ಲಿ ಅಕ್ಕಿಮೂಟೆಯ ಕೈಗಾಡಿಗಳು ಅಡ್ಡ ನಿಂತು ಜೀಪು ಮುಂದೆ ಹೋಗದಾಯಿತು. ಓಣಿಯ ಬದಿಯಲ್ಲಿ ಹೆಂಗಸರು ಸಾಲಾಗಿ ಕುಳಿತು ಮೀನು ಮಾರುತ್ತಿದ್ದರು. ಮೇಲೆ ಬಿಸಿಲು, ಮಳೆಗಾಲದಲ್ಲಿ ಮಳೆ. ಅವರಲ್ಲಿ ಹಿರಿಯ ಹೆಂಗಸು ಒಬ್ಬರು ಸೊಂಟಕ್ಕೆ ಕೈಯಿಟ್ಟು ಜೀಪಿನ ಎದುರು ಬಂದು ನಿಂತರು. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು.

"ಮಾಸ್ಟ್ರೇ, ನಿನ್ನೆ ಬಂದವರು ನಮಗೆ ಕೈಮುಗಿದು ಹೋದರು. ನೀವು ಕೈಯೂ ಮುಗಿಯುವುದಿಲ್ಲವಾ? ಮೀನಿನ ವಾಸನೆ ಬಂತಾ?"

ಉಳಿದವರು ನಕ್ಕರು. ಮುಂದಿನ ಸೀಟಿನಿಂದ ಉತ್ತರವಿಲ್ಲ. ಗಾಜಿನ ಮೇಲಿನ ಬಿಸಿಲಿಗೆ ಮಾಸ್ಟ್ರ ಮುಚ್ಚಿದ ಕಣ್ಣು ಅವರಿಗೆ ಕಾಣುತ್ತಿರಲಿಲ್ಲ. ನಗು ನಿಧಾನಕ್ಕೆ ಗೊಣಗಾಟವಾಗುತ್ತಿತ್ತು. ಹಿಂದೆ ಟಾರ್ಪಾಲಿನ ಮರೆಯಲ್ಲಿ ಕುಳಿತಿದ್ದ ನಾನು ಮೈಕ್ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡು, ಮಾಸ್ಟ್ರಾಗಿಬಿಟ್ಟೆ. ತುಳುವಿನಲ್ಲಿ ಆಡಿದ ಮಾತು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಅಕ್ಕಾ, ಸಿಟ್ಟು ಮಾಡಬೇಡಿ. ನಾನು ನೋಡ್ತಾ ಇದ್ದದ್ದು ನಿಮ್ಮ ತಲೆಯ ಮೇಲಿನ ಬಿಸಿಲನ್ನು. ಗೆದ್ದರೆ ಇಲ್ಲಿ ನೆರಳಿಗೆ ಒಂದು ಶೀಟಿನ ಮಾಡು ಹಾಕಿಸ್ತೇನೆ."

ಇಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಹೆಂಗಸರು ಸುಮ್ಮನಾಗಿ ಕೇಳುತ್ತಿದ್ದುದರಿಂದ ನನಗೆ ಹುರುಪು ಬಂತು. ಮಾಸ್ಟ್ರ ಹಾಗೆಯೇ ಸ್ವಲ್ಪ ನಿಂತು ಹೇಳಿದೆ: "ಮಾಡು ಬರುವ ತನಕ ಪ್ರತಿ ಶನಿವಾರ ಬೆಳಿಗ್ಗೆ ನಾನೂ ಬಂದು ನಿಮ್ಮೊಟ್ಟಿಗೆ ಬಿಸಿಲಲ್ಲಿ ಕೂರುತ್ತೇನೆ."

ಚಪ್ಪಾಳೆಯೋ ಚಪ್ಪಾಳೆ. ಆ ಗದ್ದಲಕ್ಕೆ ಮಾಸ್ಟ್ರು ಅರ್ಧ ಕಣ್ಣು ಬಿಟ್ಟು, ಎದುರಿಗೆ ಜನ ನಗುತ್ತಿರುವುದನ್ನು ಕಂಡು, ಅಭ್ಯಾಸದಂತೆ ಕೈಮುಗಿದು ಮತ್ತೆ ಕಣ್ಣು ಮುಚ್ಚಿದರು. ಅದೂ ಸರಿಯಾಗಿ ಹೊಂದಿಬಿಟ್ಟಿತು. ಕೈಗಾಡಿಗಳು ಸರಿದವು. ಡ್ರೈವರ್, ಪಕ್ಕದ ಕಂದಕ ಕೇರಿಯ ಬ್ಯಾರಿ ಮುಸಲ್ಮಾನ, ಒಂದು ಫರ್ಲಾಂಗು ಹೋದ ಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿ, "ಎಂತ ಮಾಡಿದ್ದು ಮಾರಾಯ ನೀನು? ಬ್ರಾಹ್ಮಣರನ್ನು ಮೀನಿನ ಎದುರು ಕೂರಿಸಿದೆಯಲ್ಲ" ಎಂದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಚುನಾವಣೆಯ ಮಾತು, ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದುಕೊಂಡೆ.

ಮಾಸ್ಟ್ರು ಗೆದ್ದರು. ಮುಂದಿನ ವಾರವೇ ಅಕ್ಕ ಇನ್ನಿಬ್ಬರನ್ನು ಕರೆದುಕೊಂಡು ಬಿಜೈಯ ಮನೆಗೆ ಬಂದು ಅಂಗಳದಲ್ಲಿ ನಿಂತರು. ನಾನು ಜಗಲಿಯಲ್ಲಿ ಹಾರಗಳನ್ನು ತೆಗೆದಿಡುತ್ತಿದ್ದೆ.

"ಶನಿವಾರ ನಿಮಗೆ ಅಂತ ಒಂದು ಮಣೆ ತೆಗೆದಿಟ್ಟಿದ್ದೇವೆ ಮಾಸ್ಟ್ರೇ. ಹೊಸತು. ಮೀನು ಮುಟ್ಟಿದ್ದಲ್ಲ."

"ಎಂತ ಮಣೆ ಅಕ್ಕ?"

ಅಕ್ಕ ಎಲ್ಲ ಹೇಳಿದರು. ನಾನು ಆಡಿದ ಒಂದು ಶಬ್ದವನ್ನೂ ಬಿಡಲಿಲ್ಲ. ಮಾಸ್ಟ್ರು ಅವರನ್ನು ಕೂರಿಸಿ, ಮಜ್ಜಿಗೆ ತರಲು ಹೇಳಿ, ನನ್ನನ್ನು ಒಳಗೆ ಕರೆದರು. ಅವರ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

"ನನಗೆ ಜನ ಚಪ್ಪಾಳೆ ತಟ್ಟಿದ್ದು ನೆನಪುಂಟು. ಕೈಮುಗಿದದ್ದು ನೆನಪುಂಟು. ಮಾತಾಡಿದ್ದು ನೆನಪಿಲ್ಲ. ನೀನಿದ್ದಿಯಲ್ಲ, ಹೇಳು. ನಾನು ಹಾಗೆ ಹೇಳಿದ್ದೆನಾ?"

ಆಗ ಹೇಳಿಬಿಟ್ಟಿದ್ದರೆ ಎರಡು ಪೆಟ್ಟು ಕೊಟ್ಟು ನಕ್ಕುಬಿಡುತ್ತಿದ್ದರೋ ಏನೋ. ಆದರೆ ಅಂಗಳದಲ್ಲಿ ಅಕ್ಕ ಕುಳಿತಿದ್ದರು, ಗೆದ್ದ ಮನೆಯಲ್ಲಿ ನಾಲ್ಕು ಜನರೆದುರು ನನಗೊಂದು ಮರ್ಯಾದೆ ಬಂದಿತ್ತು, ಮುಂದಿನ ಸಭೆಗಳ ಮೈಕೆಲ್ಲ ನಮ್ಮದೇ ಎಂಬ ಆಸೆಯೂ ಇತ್ತು. ನಾನು ಹೇಳಿದೆ: "ಹೌದು ಮಾಸ್ಟ್ರೇ. ಜ್ವರ ಜೋರಿತ್ತು. ಆದರೂ ಚೆನ್ನಾಗಿ ಹೇಳಿದಿರಿ."

"ಹಾಗಾದರೆ ಹೋಗಬೇಕು" ಎಂದರು ಅವರು. ಅಷ್ಟೇ.

ಆ ಶನಿವಾರದಿಂದ ನಮ್ಮ ಶಾಸಕರು ಕೊಡೆ ಹಿಡಿದು ಬಂದರಿಗೆ ಹೋಗಿ ಬಂಗುಡೆ, ಬೂತಾಯಿ ಮೀನುಗಳ ನಡುವೆ ಮಣೆಯ ಮೇಲೆ ಕುಳಿತರು. ಮೊದಲ ವಾರ ಮೂಗಿಗೆ ಕರವಸ್ತ್ರ. ಎರಡನೆಯ ವಾರ ಕರವಸ್ತ್ರ ಕಿಸೆಗೆ. ತಿಂಗಳಾಗುವಾಗ ದೂರದಿಂದಲೇ ಮೀನು ನೋಡಿ ಅಂಜಲ್ ಯಾವುದು, ಕಾಣೆ ಯಾವುದು ಎಂದು ಹೇಳುತ್ತಿದ್ದರು. ಅರ್ಜಿ ಹಿಡಿದವರು ಅಲ್ಲಿಗೇ ಬರತೊಡಗಿದರು. ಪಿಡಬ್ಲ್ಯುಡಿಯ ಇಂಜಿನಿಯರರೊಬ್ಬರು ಪ್ಯಾಂಟು ಮಡಚಿಕೊಂಡು ಬಂದು, ಹಳೆಯ ವಿದ್ಯಾರ್ಥಿಯಾದ್ದರಿಂದ ಕೂರಲೂ ಆಗದೆ, ಕೆಸರಿನಲ್ಲಿ ಕೈಕಟ್ಟಿ ನಿಂತದ್ದನ್ನು ನಾನು ನೋಡಿದ್ದೇನೆ.

"ಒಂದು ಅಂಜಲ್ ತೆಗೊಂಡು ಹೋಗಿ ಮಾಸ್ಟ್ರೇ. ಅಮ್ಮನಿಗೆ ಹೇಳುವುದು ಬೇಡ" ಎಂದು ಅಕ್ಕ ಕೀಟಲೆ ಮಾಡುತ್ತಿದ್ದರು.

"ಅಮ್ಮನಿಗೆ ನೀವು ಹೇಳುವುದು ಬೇಡ. ನನ್ನ ಅಂಗಿಯೇ ಹೇಳ್ತದೆ."

ಅದು ನಿಜ. ಅವರ ಹೆಂಡತಿ, ನಮಗೆಲ್ಲ ಅಮ್ಮ, ಹಿತ್ತಲಿನ ಬಚ್ಚಲಿನಲ್ಲಿ ಬಿಸಿನೀರು ಕಾಯಿಸಿಟ್ಟು, ಸ್ನಾನವಾಗದೆ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಬಿಜೈಯ ಬೆಕ್ಕುಗಳೆಲ್ಲ ಅವರ ಗೇಟಿನ ಹತ್ತಿರ ಸಭೆ ಸೇರುತ್ತಿದ್ದವು. "ಇವು ನಿಮ್ಮ ಹೊಸ ಮತದಾರರು" ಎಂದು ಅಮ್ಮ ಹೇಳುತ್ತಿದ್ದರು.

ಸುದ್ದಿ ಪೇಟೆಯೆಲ್ಲ ಹರಡಿತು. ಜೊತೆಗೆ ಇನ್ನೊಂದು ಸುದ್ದಿಯೂ. ಮಾಸ್ಟ್ರಿಗೆ ಜ್ವರದಲ್ಲಿ ಕೊಟ್ಟ ಮಾತು ನೆನಪಿಲ್ಲವಂತೆ, ಆದರೆ ನೆನಪಿಸಿದರೆ ನಡೆಸಿಕೊಡುತ್ತಾರಂತೆ. ಇನ್ನು ಕೇಳಬೇಕೆ? ಕದ್ರಿ ಗುಡ್ಡದಿಂದ ಒಬ್ಬರು ಬಂದು, ತಮ್ಮ ಓಣಿಗೆ ಮೆಟ್ಟಿಲು ಕಟ್ಟಿಸುತ್ತೇನೆಂದು ಹೇಳಿದ್ದಿರಿ ಎಂದರು. ಮೆಟ್ಟಿಲು ಬಂತು. ಇನ್ನೊಬ್ಬರಿಗೆ ಬೀದಿದೀಪ ಬಂತು. ಒಬ್ಬ ಯುವಕನಂತೂ, "ನನ್ನೊಟ್ಟಿಗೆ ಹುಡುಗಿ ನೋಡಲು ಬರ್ತೇನೆ ಅಂದಿದ್ದಿರಿ" ಎಂದುಬಿಟ್ಟ. ಮಾಸ್ಟ್ರು ತಲೆ ಕೆರೆದುಕೊಂಡು, ಶಾಲು ಹೊದ್ದು ಹೊರಟರು. ಶಾಸಕರೇ ಬಂದದ್ದನ್ನು ಕಂಡು ಹುಡುಗಿಯ ಕಡೆಯವರು ಬೇರೆ ವಿಚಾರಣೆಯನ್ನೇ ಮಾಡದೆ ಒಪ್ಪಿದರು. ಆ ಗಂಡ ಹೆಂಡತಿ ಈಗಲೂ ಸುಖವಾಗಿದ್ದಾರೆ. ನನ್ನ ಸುಳ್ಳಿನಿಂದ ಆದ ಒಳ್ಳೆಯದನ್ನು ಹೇಳುವಾಗ ನಾನು ಮೊದಲು ಹೇಳುವುದು ಅವರ ಕತೆಯನ್ನೇ.

ಮರು ಮಳೆಗಾಲಕ್ಕೆ ಮುಂಚೆ ಮಾಡು ಬಂತು. ಗಟ್ಟಿ ಕಂಬ, ಹೊಸ ಶೀಟು. ಹೆಂಗಸರು ಮಲ್ಲಿಗೆ ಮುಡಿದು, ಮಾಸ್ಟ್ರಿಗೂ ಒಂದು ಹಾರ ತಂದು, ಭಾಷಣ ಮಾಡಬೇಕೆಂದರು. ನಾನು ಮೈಕ್ ಸರಿಪಡಿಸಿ ಅವರ ಎತ್ತರಕ್ಕೆ ಇಳಿಸಿದೆ. ಮಾಸ್ಟ್ರು ಕಿಸೆಯಿಂದ ಒಂದು ಕಾಗದ ತೆಗೆದು, ಕನ್ನಡಕ ಏರಿಸಿ, ಓದಿದರು. ನಾಲ್ಕು ಸಾಲು. ಮುಗಿಯಿತು.

ಹೆಂಗಸರು ಮುಖ ಮುಖ ನೋಡಿಕೊಂಡರು. "ಇಷ್ಟೇಯಾ ಮಾಸ್ಟ್ರೇ? ಜ್ವರ ಬಂದಾಗಲೇ ಚಂದ ಮಾತಾಡ್ತೀರಿ ನೀವು" ಎಂದರು ಅಕ್ಕ. ಎಲ್ಲರೂ ನಕ್ಕರು. ಮಾಸ್ಟ್ರೂ ನಕ್ಕರು. ನನಗೆ ನಗು ಬರಲಿಲ್ಲ.

ಮನೆಗೆ ಮರಳುವಾಗ ಕೇಳಿದೆ, "ಯಾಕೆ ಮಾಸ್ಟ್ರೇ ಓದಿದ್ದು?"

"ಬಾಯಿಯನ್ನು ನಂಬುವುದು ಹೇಗೆ ಮಾರಾಯ? ನನಗೆ ಗೊತ್ತಿಲ್ಲದೆ ಅದು ಒಮ್ಮೆ ಓಡಿಹೋಗಿದೆ. ಮೊನ್ನೆ ಹುಡುಗಿ ನೋಡಲು ಹೋದದ್ದೂ ಹಾಗೆಯೇ. ಬರೆದದ್ದಾದರೆ ಸಾಕ್ಷಿ ಇರ್ತದೆ."

ಅವರು ಹಗುರವಾಗಿಯೇ ಹೇಳಿದರು. ಆದರೆ ಆಮೇಲೆ ನಾನು ಗಮನಿಸತೊಡಗಿದೆ. ಸಭೆಯಲ್ಲಿ ಕಾಗದ ಬಿಟ್ಟು ಒಂದು ಶಬ್ದ ಇಲ್ಲ. ಹಿಂದೆ ಪಿಸುಗುಟ್ಟಿದವರನ್ನು ಎಬ್ಬಿಸುವುದೂ ಇಲ್ಲ. ವಿಧಾನಸಭೆಯಲ್ಲಿ ಮಾಸ್ಟ್ರು ಗುಡುಗುತ್ತಾರೆಂದು ಕಾದಿದ್ದ ನಮ್ಮೂರಿನವರು, "ಬೆಂಗಳೂರಿನ ನೀರು ಕುಡಿದು ಸ್ವರ ಕಟ್ಟಿತಾ?" ಎಂದು ಹೋಟೆಲುಗಳಲ್ಲಿ ಆಡಿಕೊಂಡರು. ಒಮ್ಮೆ ಅಮ್ಮ ನನಗೆ ಹೇಳಿದರು: "ಸಂಜೆ ಜಗಲಿಯಲ್ಲಿ ಕೂತು ತಮ್ಮನ್ನೇ ಪರೀಕ್ಷೆ ಮಾಡಿಕೊಳ್ತಾರೆ ಇವರು. ಬೆಳಿಗ್ಗೆ ಅಂಗಡಿಯವನಿಗೆ ಎಂತ ಹೇಳಿದೆ, ಪೋಸ್ಟ್‌ಮ್ಯಾನಿಗೆ ಎಂತ ಹೇಳಿದೆ ಅಂತ. ನೆನಪಿಗೆ ಒಳ್ಳೆಯದು ಅಂತ ದಿನಾ ಒಂದೆಲಗದ ತಂಬುಳಿ ಮಾಡ್ತಿದ್ದೇನೆ. ಮಕ್ಕಳೆಲ್ಲ ಆ ತಂಬುಳಿ ಕಂಡರೆ ಓಡ್ತಾರೆ."

ಆಗಲೂ ಹೇಳಲಿಲ್ಲ. ಹೇಳಬೇಕೆಂದು ಆ ಮನೆಯ ಗೇಟಿನ ತನಕ ಹೋಗಿ, ಬೇರೆ ಏನೋ ನೆಪ ಹೇಳಿ ಬಂದದ್ದು ಎಷ್ಟು ಸಲವೋ. ವಿಷಯ ಗೊತ್ತಿದ್ದ ಡ್ರೈವರ್ ಆ ಹೊತ್ತಿಗೆ ದುಬೈಗೆ ಹೋಗಿದ್ದ. ಅವನು ವಿಮಾನ ಹತ್ತಿದ್ದು ನನಗೆ ಸಮಾಧಾನವೇ ಆಗಿತ್ತು.

ಅವಧಿ ಮುಗಿಯುತ್ತ ಬಂತು. ಪಕ್ಷದ ದೊಡ್ಡವರು, ಪೇಟೆಯಲ್ಲಿ ಹೋಟೆಲುಗಳಿದ್ದ ಒಬ್ಬ ಶೆಟ್ಟರು, ಸ್ವತಃ ಮನೆಗೆ ಬಂದರು. ಈ ಸಲ ಗೆದ್ದರೆ ಮಂತ್ರಿ ಪದವಿ ಖಂಡಿತ ಎಂದರು. ಮಾಸ್ಟ್ರು ಆಗುವುದಿಲ್ಲ ಎಂದರು.

"ಎಂತ ಮಾಸ್ಟ್ರೇ, ಕೊಟ್ಟ ಮಾತು ಬಿಡಿ, ಕೊಡದ ಮಾತನ್ನೂ ನಡೆಸಿದವರು ನೀವು. ನಿಮ್ಮನ್ನು ಬಿಟ್ಟು ಯಾರನ್ನು ನಿಲ್ಲಿಸುವುದು?"

"ಅದೇ ತೊಂದರೆ ಶೆಟ್ರೇ. ಯಾವುದು ಕೊಟ್ಟದ್ದು, ಯಾವುದು ಕೊಡದ್ದು ಅಂತ ನನಗೇ ಗೊತ್ತಿಲ್ಲ. ಅಂಥವನನ್ನು ಮಂತ್ರಿ ಮಾಡಿದರೆ ಊರಿನ ಗತಿ ಎಂತ?"

ಶೆಟ್ಟರು ದೊಡ್ಡದಾಗಿ ನಕ್ಕರು, ತಮಾಷೆ ಎಂದುಕೊಂಡು. ಮಾಸ್ಟ್ರು ನಗಲಿಲ್ಲ. ನಾನು ಅಲ್ಲೇ ಬಾಗಿಲಿನ ಹತ್ತಿರ ನಿಂತಿದ್ದೆ. ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಶೆಟ್ಟರ ಎದುರು ಹೇಗೆ, ಅವರು ಹೋಗಲಿ ಎಂದುಕೊಂಡೆ. ಅವರು ಹೋದರು. ನಾನೂ ಅವರ ಹಿಂದೆಯೇ ಹೋದೆ. ಟಿಕೆಟು ಬೇರೆಯವರಿಗೆ ಹೋಯಿತು. ಮಾಸ್ಟ್ರು ಮನೆಯಲ್ಲಿ ಟ್ಯೂಷನ್ ಶುರುಮಾಡಿದರು.

ಎರಡು ವರ್ಷದ ಮೇಲೆ ಡ್ರೈವರ್ ರಜೆಯಲ್ಲಿ ಬಂದ. ಸೆಂಟು ಪೂಸಿಕೊಂಡು ನಮ್ಮ ಅಂಗಡಿಗೆ ಬಂದು ಮಾಸ್ಟ್ರು ಹೇಗಿದ್ದಾರೆ ಎಂದು ಕೇಳಿದ. ನಾನು ಎಲ್ಲ ಹೇಳಿದೆ. ನಗುತ್ತಾನೆಂದುಕೊಂಡಿದ್ದೆ.

"ನೀನು ಇನ್ನೂ ಹೇಳಲಿಲ್ಲವಾ?" ಎಂದ. ಚಹಾ ಅರ್ಧಕ್ಕೇ ಬಿಟ್ಟ. "ನಾನು ಅದನ್ನು ಅಲ್ಲಿ ರೂಮಿನವರಿಗೆಲ್ಲ ಹೇಳಿ ನಗಿಸಿದ್ದೇನೆ ಮಾರಾಯ. ಇಲ್ಲಿ ಆ ಮನುಷ್ಯ ತನ್ನ ತಲೆ ಕೆಟ್ಟಿದೆ ಅಂತ ಕೂತಿದ್ದಾರಾ? ನೀನು ಹೇಳ್ತಿಯಾ, ನಾನು ಹೇಳಬೇಕಾ?"

ಮರುದಿನ ಬೆಳಿಗ್ಗೆ ಹೋದೆ. ಮಾಸ್ಟ್ರು ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಕೂರಲು ಹೇಳಿದರೂ ನಾನು ನಿಂತೇ ಇದ್ದೆ. ನನ್ನ ಸ್ವರದಲ್ಲಿ ಹೇಳಲು ಆಗಲಿಲ್ಲ. ಗಂಟಲು ಸರಿಮಾಡಿಕೊಂಡು, ಅವರ ಸ್ವರದಲ್ಲಿ, ಆ ದಿನದ ಮಾತನ್ನು ಮೊದಲಿನಿಂದ ಹೇಳಿದೆ. "ಅಕ್ಕಾ, ಸಿಟ್ಟು ಮಾಡಬೇಡಿ..."

ಒಳಗಿನಿಂದ ಅಮ್ಮ, "ಯಾರೊಟ್ಟಿಗೆ ಮಾತಾಡ್ತಾ ಇದ್ದೀರಿ?" ಎಂದು ಕೇಳಿದರು.

ಮಾಸ್ಟ್ರು ಪೇಪರನ್ನು ಕೆಳಗಿಟ್ಟರು. ನನ್ನನ್ನು ನೋಡಿದರು. ಆಮೇಲೆ ಎದ್ದು ಒಳಬಾಗಿಲಿನ ಹತ್ತಿರ ಹೋಗಿ ಹೇಳಿದರು: "ಮಾರಾಯ್ತಿ, ನನಗೆ ಮರೆವು ಇಲ್ಲ. ನಾನು ಹೇಳಲೇ ಇಲ್ಲ. ಇವನು ಹೇಳಿದ್ದು."

"ಅಯ್ಯೋ, ಹಿತ್ತಲಿಡೀ ಒಂದೆಲಗ ಬೆಳೆಸಿದ್ದೇನೆ. ಇನ್ನು ಯಾರು ತಿನ್ನುವುದು?"

"ಇವನಿಗೆ ಕಟ್ಟಿ ಕೊಡು."

ಅವರ ಮುಖದಲ್ಲಿ ಬೆಳಕು ಬಂದಿತ್ತು. ನಾನೂ ಸ್ವಲ್ಪ ನಕ್ಕೆ. ಅವರು ಮರಳಿ ಬಂದು ಕುಳಿತಾಗ ಆ ನಗು ಇರಲಿಲ್ಲ.

"ಮೈಕಿನಲ್ಲಿ ಹೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ಆ ಮಾತು ನಾನೇ ಹೇಳಬೇಕಿತ್ತು, ನನಗೆ ಹೊಳೆಯಲಿಲ್ಲ. ಆದರೆ ಒಳಗೆ ಕರೆದು ನಿನ್ನನ್ನು ಕೇಳಿದೆನಲ್ಲ. ನನ್ನ ಮೇಲೆ ನನಗೆ ನಂಬಿಕೆ ಇಲ್ಲದಾಗ ನಿನ್ನನ್ನು ನಂಬಿ ಕೇಳಿದ್ದು. ಆಗ ನೀನು ಹೌದು ಅಂದೆ."

ಅವರು ಪೇಪರನ್ನು ಎತ್ತಿ ಮಡಚಿದರು.

"ಹೋಗು ಈಗ. ಸ್ವಲ್ಪ ದಿನ ಈ ಕಡೆ ಬರಬೇಡ. ನನಗೆ ಹೇಳಿ ಕಳಿಸಬೇಕು ಅನಿಸಿದಾಗ ಹೇಳಿ ಕಳಿಸ್ತೇನೆ."

ಅಮ್ಮ ನಿಜವಾಗಿಯೂ ಒಂದು ಕಟ್ಟು ಒಂದೆಲಗ ತಂದು ಕೈಗೆ ಕೊಟ್ಟರು. ಅದನ್ನು ಹಿಡಿದುಕೊಂಡು ಮನೆಗೆ ನಡೆದೆ.

ಹೇಳಿ ಕಳಿಸಲಿಲ್ಲ. ಮುಂದೆ ನಗರಪಾಲಿಕೆಯ ಚುನಾವಣೆ ಬಂದಾಗ ಮಾಸ್ಟ್ರು ಮತ್ತೆ ನಿಂತರು ಎಂಬ ಸುದ್ದಿ ಬಂತು. ಮಂತ್ರಿಯಾಗಬಹುದಾಗಿದ್ದವರು ಬಿಜೈಯ ಒಂದು ವಾರ್ಡಿಗೆ. ಪೇಟೆಯವರು ಆಶ್ಚರ್ಯಪಟ್ಟರು. ಮೈಕ್ ಬೇರೆ ಅಂಗಡಿಯದ್ದು. ಭಾವ ಕಾರಣ ಕೇಳಿದರು, ನಾನು ಹೇಳಿದೆ. ಅವರು ನನ್ನ ಹತ್ತಿರ ಒಂದು ವಾರ ಮಾತಾಡಲಿಲ್ಲ.

ಸಭೆಯ ದಿನ ಯಾರೂ ಕರೆಯದಿದ್ದರೂ ನಾನು ಹೋಗಿ ಹಿಂದೆ, ಬೀಡದ ಅಂಗಡಿಯ ಪಕ್ಕದಲ್ಲಿ ನಿಂತೆ. ಮಾಸ್ಟ್ರು ಎದ್ದು ನಿಂತರು. ಕಿಸೆಗೆ ಕೈ ಹೋಗುತ್ತದೋ ಎಂದು ನೋಡುತ್ತಿದ್ದೆ. ಹೋಗಲಿಲ್ಲ. ಎರಡೂ ಕೈ ಹಿಂದೆ ಕಟ್ಟಿಕೊಂಡು ಶುರುಮಾಡಿದರು. ಚರಂಡಿಯಿಂದ ಹೊರಟು ನಳ್ಳಿನೀರಿಗೆ ಬಂದು, ಅಲ್ಲಿಂದ ರಾಜರ ಕಾಲಕ್ಕೆ ಹೋಗಿ, ನಡುವೆ ಒಬ್ಬನನ್ನು ಎಬ್ಬಿಸಿ ನಿಲ್ಲಿಸಿ, ಮತ್ತೆ ಚರಂಡಿಗೆ ಬಂದರು. ಬೇರೆ ಅಂಗಡಿಯ ಮೈಕು ಕೀಂ ಎನ್ನುತ್ತಿತ್ತು. ಸರಿಮಾಡಲು ಕೈ ತುರಿಸಿದರೂ ನಾನು ಕಾಲು ಕಿತ್ತಿಡಲಿಲ್ಲ.

ಕತ್ತಲಾಗುತ್ತ ಬಂತು. ಬೀಡದ ಅಂಗಡಿಯವನು ಗಡಿಯಾರ ನೋಡಿ ನನ್ನ ಕಡೆ ಬಾಗಿದ.

"ಇವರು ಯಾವಾಗ ನಿಲ್ಲಿಸ್ತಾರೆ ಮಾರಾಯ?"

"ಸದ್ಯಕ್ಕೆ ನಿಲ್ಲಿಸುವುದಿಲ್ಲ" ಎಂದೆ. "ನೀನು ಬೇಕಾದರೆ ಅಂಗಡಿ ಮುಚ್ಚು. ನಾನು ಇಲ್ಲೇ ನಿಲ್ತೇನೆ."